ಕಂಬ ಕಿತ್ತರೆ ತಾತ ಎಲ್ಲಿ ನಿಲ್ಲಬೇಕು?

ಹಳೇ ಮೈಸೂರು ಕಡೆ ಮಾರ್ನಮಿ ಹತ್ತಿರ ಬಂತೆಂದರೆ ಯಾರಾದರೂ ಒಬ್ಬರ ಬಾಯಲ್ಲಿ ಈ ಮಾತು ಬಂದೇ ಬರುತ್ತದೆ: "ರಾತ್ರಿ ತಾತ ಕನಸಲ್ಲಿ ಬಂದಿದ್ದ ಕಣೋ. ಮೈಮೇಲೆ ಬಟ್ಟೆ ಇಲ್ಲ ಅಂದ." ಅಷ್ಟು ಸಾಕು. ಮನೆಗೆ ಹೊಸ ಪಂಚೆ ಬರುತ್ತದೆ. ಕಳಶದ ಪಕ್ಕ ಅದನ್ನು ಮಡಚಿಟ್ಟು, ತಾತನಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುತ್ತಾರೆ. ಮುದ್ದೆ, ಬಾಡಿನ ಸಾರು, ಕೆಲವು ಮನೆಗಳಲ್ಲಿ ಒಂದು ಕಟ್ಟು ಬೀಡಿ ಕೂಡ. ಆಮೇಲೆ ಬಾಗಿಲು ಮುಂದೆ ಮಾಡಿ, ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ತಾತ ಬಂದು ಉಂಡು ಹೋಗಲಿ ಅಂತ.

ಕೆನ್ಯಾದ ಕರಾವಳಿಯಲ್ಲೂ ಹೆಚ್ಚು ಕಡಿಮೆ ಇದೇ ಕನಸು ಬೀಳುತ್ತದೆ. ಅಲ್ಲಿ ಕನಸಿಗೆ ಬಂದ ಹಿರಿಯ ಕೇಳುವುದು ಪಂಚೆಯನ್ನಲ್ಲ, ಒಂದು ಕಂಬವನ್ನು.

ಆ ಕಂಬದ ಹೆಸರು ಕಿಗಾಂಗೊ. ಒಂದಕ್ಕಿಂತ ಜಾಸ್ತಿ ಇದ್ದರೆ ವಿಗಾಂಗೊ. ನಾವು ಪದದ ಕೊನೆಗೆ "ಗಳು" ಸೇರಿಸುತ್ತೇವೆ, ಅವರು ಪದದ ತಲೆಯನ್ನೇ ಬದಲಿಸುತ್ತಾರೆ. ಪಕ್ಕದ ಸ್ವಾಹಿಲಿಯಲ್ಲೂ ಹೀಗೆಯೇ. ಅರಬ್ಬಿಯಿಂದ ಬಂದ ನಮಗೆ ಗೊತ್ತಿರುವ "ಕಿತಾಬ್" ಅಲ್ಲಿ "ಕಿತಾಬು" ಆಗಿ, ಪುಸ್ತಕಗಳು ಎನ್ನುವಾಗ "ವಿತಾಬು" ಆಗಿಬಿಟ್ಟಿದೆ!

ಇವನ್ನು ನೆಡುವವರು ಮಿಜಿಕೆಂಡ ಜನ. ಮೊಂಬಾಸ, ಕಿಲಿಫಿ, ಮಲಿಂಡಿ ಊರುಗಳ ಹಿಂದಿನ ಒಳನಾಡಿನಲ್ಲಿ ಇರುವವರು. ಮಿಜಿಕೆಂಡ ಅಂದರೆ ಒಂಬತ್ತು ಊರು. ಒಂಬತ್ತು ಪಂಗಡಗಳನ್ನು ಸೇರಿಸಿ ಕರೆಯುವ ಹೆಸರು ಅದು. ಅವರಲ್ಲಿ ದೊಡ್ಡ ಪಂಗಡ ಗಿರಿಯಾಮ. ವಿಗಾಂಗೊ ಎಂದರೆ ಮೊದಲು ನೆನಪಾಗುವುದೂ ಅವರೇ.

ಕಿಗಾಂಗೊ ನೋಡಿದರೆ ಮೊದಲು ಸ್ವಲ್ಪ ನಿರಾಸೆ ಆಗಬಹುದು. "ಪೂರ್ವಜರ ಮರದ ಮೂರ್ತಿ" ಎಂದಾಗ ನಮ್ಮ ಕಣ್ಣು ಮುಖ ಹುಡುಕುತ್ತದೆ. ಇಲ್ಲಿ ಅಂಥ ಮುಖ ಎದ್ದು ಕಾಣುವುದಿಲ್ಲ. ಆಳೆತ್ತರದ, ಕೆಲವೊಮ್ಮೆ ಅದಕ್ಕೂ ಎತ್ತರದ ಒಂದು ಹಲಗೆ. ಅದಕ್ಕೆ ಕೈ ಇಲ್ಲ, ಕಾಲಿಲ್ಲ. ತಲೆಯ ಜಾಗದಲ್ಲಿ ಬಿಲ್ಲೆಯಂಥ ಗುಂಡು ಆಕಾರ, ಕೆಳಗೆ ಕತ್ತು. ಮೈ ತುಂಬ ಉಳಿಯಿಂದ ಕೆತ್ತಿದ ಸಣ್ಣ ಸಣ್ಣ ತ್ರಿಕೋನಗಳ ಸಾಲು. ಅವುಗಳಿಗೆ ಕೆಂಪು, ಕಪ್ಪು, ಬಿಳಿ ಬಣ್ಣ. ಕುತ್ತಿಗೆಗೋ ನಡುವಿಗೋ ಬಟ್ಟೆಯ ಚೂರುಗಳನ್ನು ಕಟ್ಟಿರುತ್ತಾರೆ. ನೋಡಿ, ಬಟ್ಟೆ ಇಲ್ಲೂ ಬಂತು.

ಎಲ್ಲರಿಗೂ ಕಿಗಾಂಗೊ ಸಿಗುವುದಿಲ್ಲ. ಗೋಹು ಎಂಬ ಹಿರಿಯರ ಕೂಟ ಒಂದಿದೆ. ಅನುಕೂಲಸ್ಥ ಗಂಡಸರು ಕಾಣಿಕೆ ಕೊಟ್ಟು, ಊಟ ಹಾಕಿಸಿ ಅದಕ್ಕೆ ಸೇರುತ್ತಾರೆ. ಆ ಕೂಟದವನು ತೀರಿಕೊಂಡರೆ ಮಾತ್ರ ಕೆತ್ತಿದ ಎತ್ತರದ ಕಂಬ. ಉಳಿದವರಿಗೆ ಕೋಮ ಎಂಬ ಗಿಡ್ಡ ಗೂಟ. ಅದಕ್ಕೆ ಕೆತ್ತನೆ ಇಲ್ಲ, ಅಲಂಕಾರ ಇಲ್ಲ. ಸತ್ತ ಮೇಲೂ ಅಂತಸ್ತು ಬಿಡುವುದಿಲ್ಲ. ವೀರಗಲ್ಲು, ಮಾಸ್ತಿಗಲ್ಲು ನೋಡಿದ ನಮಗೆ ಇದೇನೂ ಹೊಸದಲ್ಲ ಬಿಡಿ.

ಈ ಕೋಮ ಎಂಬ ಪದದ ಒಳಗೇ ಇಡೀ ವಿಷಯದ ಬೀಗದ ಕೈ ಇದೆ. ಗಿರಿಯಾಮರ ಮಾತಿನಲ್ಲಿ ಸತ್ತವರ ಆತ್ಮವನ್ನೂ ಕೋಮ ಅನ್ನುತ್ತಾರೆ, ಆ ಗೂಟವನ್ನೂ ಕೋಮ ಅನ್ನುತ್ತಾರೆ. ಗೂಟ ತಾತನ ಚಿತ್ರ ಅಲ್ಲ, ತಾತನ ಗುರುತೂ ಅಲ್ಲ. ಅದು ತಾತ ಬಂದು ನಿಲ್ಲುವ ಜಾಗ. ಆತ್ಮಕ್ಕೆ ಒಂದು ನೆಲೆ ಬೇಕು. ನೆಲೆ ಇಲ್ಲದಿದ್ದರೆ ಅದು ಅಲೆಯುತ್ತದೆ, ಚಳಿಯಾಗುತ್ತದೆ ಎನ್ನುತ್ತದೆ, ಮನೆಯವರಿಗೆ ಕಾಟ ಕೊಡುತ್ತದೆ. ಮಗುವಿಗೆ ಜ್ವರ ಬಿಡುವುದಿಲ್ಲ, ಮಳೆ ಕೈ ಕೊಡುತ್ತದೆ. ಮನೆಯವರು ಶಾಸ್ತ್ರ ಕೇಳಲು ಹೋಗುತ್ತಾರೆ. "ನಿಮ್ಮ ಹಿರಿಯನಿಗೆ ಇನ್ನೂ ಕಂಬ ನೆಟ್ಟಿಲ್ಲ" ಎಂಬ ಉತ್ತರ ಬರುತ್ತದೆ. ಆಗ ಕಂಬ ಕೆತ್ತಿಸುತ್ತಾರೆ, ನೆಡುತ್ತಾರೆ, ಬುಡಕ್ಕೆ ಹೆಂಡ ಎರೆಯುತ್ತಾರೆ, ಕೋಳಿ ಕೊಯ್ಯುತ್ತಾರೆ. ಆಮೇಲೆ ವರ್ಷ ವರ್ಷವೂ ತಾತನ ಜೊತೆ ಮಾತುಕತೆ ನಡೆಯುವುದು ಅಲ್ಲೇ.

ಹೀಗಾಗಿ ಒಮ್ಮೆ ನೆಟ್ಟ ಕಂಬವನ್ನು ಅಲ್ಲಾಡಿಸುವ ಹಾಗಿಲ್ಲ. ಬಿಸಿಲಿಗೆ ಬಿರುಕು ಬಿಡಲಿ, ಮಳೆಗೆ ಕೊಳೆಯಲಿ, ಅದು ಅಲ್ಲೇ ಇರಬೇಕು. ಹೊಲದ ಸಾರ ಮುಗಿದು ಮನೆಯವರು ಬೇರೆ ಕಡೆ ಹೋದರೂ ಕಂಬವನ್ನು ಹೊತ್ತುಕೊಂಡು ಹೋಗುವುದಿಲ್ಲ. ಹೊಸ ಜಾಗದಲ್ಲಿ ಅದರ ಬದಲಿಗೆ ಕಿಬಾವೊ ಎಂಬ ಚಿಕ್ಕದೊಂದನ್ನು ನಿಲ್ಲಿಸುತ್ತಾರೆ. ಹಳೆಯದು ಪೊದೆಗಳ ನಡುವೆ ಒಂಟಿಯಾಗಿ ನಿಂತಿರುತ್ತದೆ.

ಮುಂದೆ ಎಡವಟ್ಟಾಗಿದ್ದು ಇದರಿಂದಲೇ.

1985ರಲ್ಲಿ ಮೋನಿಕಾ ಉಡ್ವಾರ್ಡಿ ಎಂಬ ಮಾನವಶಾಸ್ತ್ರಜ್ಞೆ ಗಿರಿಯಾಮರ ನಡುವೆ ಅಧ್ಯಯನ ಮಾಡುತ್ತಿದ್ದರು. ಅಲ್ಲಿ ಒಬ್ಬ ಹಿರಿಯರು ತಮ್ಮ ಇಬ್ಬರು ಸೋದರರಿಗಾಗಿ ಎರಡು ವಿಗಾಂಗೊ ನಿಲ್ಲಿಸಿದ್ದರು. ಅವುಗಳ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಕೆಲವೇ ಕಾಲದ ನಂತರ ಉಡ್ವಾರ್ಡಿ ಫೋಟೊದ ಪ್ರತಿ ಕೊಡಲು ಹೋದಾಗ ಆ ಹಿರಿಯರು ಹೇಳಿದ್ದು ಒಂದೇ ಮಾತು, ಕಂಬಗಳು ಕಳುವಾಗಿವೆ. ಹೇಗಾದರೂ ಹುಡುಕಿಕೊಡಿ ಎಂದು ಬೇಡಿಕೊಂಡರು.

ಹುಡುಕುವುದು ಎಲ್ಲಿ? ಅಷ್ಟರಲ್ಲಿ ಕರಾವಳಿಯ ತುಂಬ ಪ್ರವಾಸಿಗಳು. ಬೀಚ್ ಹೋಟೆಲುಗಳು, ಅವುಗಳ ಸುತ್ತ ಕರಕುಶಲ ವಸ್ತುಗಳ ಅಂಗಡಿಗಳು. ಅಂಗಡಿಯವನಿಗೆ ಹಳೆಯ ಮರ ಬೇಕು, ಹಳ್ಳಿಯ ಕೆಲಸವಿಲ್ಲದ ಹುಡುಗನಿಗೆ ದುಡ್ಡು ಬೇಕು. ರಾತ್ರಿ ಕಂಬ ಕಿತ್ತು ತಂದವನ ಕೈಗೆ ಸಿಗುತ್ತಿದ್ದುದು ಚಿಲ್ಲರೆ ಕಾಸು. ಅದೇ ಕಂಬ ಲಾಸ್ ಏಂಜಲೀಸ್ ಗ್ಯಾಲರಿಯಲ್ಲಿ ಸಾವಿರಾರು ಡಾಲರ್. ಎಪ್ಪತ್ತು, ಎಂಬತ್ತರ ದಶಕದ ಹಾಲಿವುಡ್ ಮಂದಿಗೆ ಮನೆಯ ಹಾಲ್‌ನಲ್ಲಿ ಒಂದು ಕಿಗಾಂಗೊ ಇಟ್ಟುಕೊಳ್ಳುವುದು ಶೋಕಿ ಆಗಿತ್ತು. ಸುಮ್ನೆ ನಿಂತ ಒಂದು ಹಲಗೆ, ಬಿಳಿ ಗೋಡೆ, ಮೇಲಿಂದ ಒಂದು ಲೈಟು. ಮಾಡರ್ನ್ ಆರ್ಟ್ ಥರ ಕಾಣುತ್ತದಲ್ವಾ!

ಇನ್ನೊಂದು ಲೆಕ್ಕವೂ ಇತ್ತು. ಅಮೆರಿಕದಲ್ಲಿ ಇಂಥ ವಸ್ತುವನ್ನು ಮ್ಯೂಸಿಯಂಗೆ ದಾನ ಕೊಟ್ಟರೆ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆ. ಬೆಲೆ ಏರಿದ ಮೇಲೆ ದಾನ ಕೊಟ್ಟರೆ ವಿನಾಯಿತಿಯೂ ಏರುತ್ತದೆ. ಹೀಗೆ ಹಾಲ್‌ನಲ್ಲಿದ್ದ ತಾತಂದಿರು ಒಬ್ಬೊಬ್ಬರಾಗಿ ಮ್ಯೂಸಿಯಂ ಗೋದಾಮು ಸೇರಿದರು. ಮ್ಯೂಸಿಯಂನವರಿಗೆ ಸಿಕ್ಕಿದ್ದು ದಾನಪತ್ರ. ಅದರಲ್ಲಿ ಕಳ್ಳತನದ ಸುದ್ದಿ ಎಲ್ಲಿರುತ್ತದೆ?

1999ರಲ್ಲಿ ಅಮೆರಿಕದ ಒಂದು ವಿಚಾರ ಸಂಕಿರಣ. ಲಿಂಡಾ ಜೈಲ್ಸ್ ಎಂಬ ಇನ್ನೊಬ್ಬ ಮಾನವಶಾಸ್ತ್ರಜ್ಞೆ ಅಲ್ಲಿನ ಮ್ಯೂಸಿಯಂಗಳಲ್ಲಿರುವ ವಿಗಾಂಗೊ ಬಗ್ಗೆ ಮಾತಾಡುತ್ತ ಸ್ಲೈಡ್ ತೋರಿಸುತ್ತಿದ್ದರು. ಕೇಳುತ್ತ ಕೂತಿದ್ದ ಉಡ್ವಾರ್ಡಿಗೆ ಒಂದು ಸ್ಲೈಡ್ ನೋಡಿ ಅನುಮಾನ ಬಂತು. ಆ ಕಂಬವನ್ನು ಎಲ್ಲೋ ನೋಡಿದ್ದೇನಲ್ಲ! ತಮ್ಮ 1985ರ ಫೋಟೊ ತೆಗೆದು ಹೋಲಿಸಿದರು. ಅದೇ ಕೆತ್ತನೆ. ಇಬ್ಬರು ಸೋದರರಲ್ಲಿ ಒಬ್ಬನ ಕಂಬ ಇಲಿನಾಯ್ ರಾಜ್ಯದಲ್ಲಿತ್ತು. ಇನ್ನೊಂದು ವರ್ಜೀನಿಯಾದ ಹ್ಯಾಂಪ್ಟನ್ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಪತ್ತೆಯಾಯಿತು. ಉಡ್ವಾರ್ಡಿ, ಜೈಲ್ಸ್ ಇಬ್ಬರೂ ಸೇರಿ ಹುಡುಕುತ್ತ ಹೋದರು. ಅಮೆರಿಕದ 19 ಮ್ಯೂಸಿಯಂಗಳಲ್ಲಿ 294 ವಿಗಾಂಗೊ ಸಿಕ್ಕವು. ಹ್ಯಾಂಪ್ಟನ್ ಒಂದರಲ್ಲೇ 99.

ಇದನ್ನು ಓದುವಾಗ ನನಗೆ ಮತ್ತೆ ಮತ್ತೆ ಅನಿಸಿದ್ದು ಒಂದೇ. ಒಂದು ಫೋಟೊ ಇದ್ದುದರಿಂದ ಎರಡು ಕಂಬಕ್ಕೆ ಹೆಸರು ಸಿಕ್ಕಿತು. ಮಿಕ್ಕವಕ್ಕೆ?

ಮಿಕ್ಕವುಗಳ ವಿಷಯಕ್ಕೆ ಹೋಗುವ ಮೊದಲು ಸಮುದ್ರ ದಾಟಿ ಇಂಡೊನೇಷ್ಯಾಕ್ಕೆ ಒಮ್ಮೆ ಹೋಗಿ ಬರೋಣ. ಏಕೆಂದರೆ ಪೂರ್ವಜರ ಮರದ ಮೂರ್ತಿ ಎಂದರೆ ಹಲಗೆಯೇ ಆಗಬೇಕೆಂದಿಲ್ಲ. ಸುಲವೇಸಿ ದ್ವೀಪದ ಬೆಟ್ಟಗಳಲ್ಲಿ ತೊರಾಜ ಜನ ಇದ್ದಾರೆ. ಅವರ ಮೂರ್ತಿಗೆ ತಾವು ತಾವು ಎಂದು ಹೆಸರು. "ತಾವು" ಅಂದರೆ ಮನುಷ್ಯ. ಎರಡು ಸಲ ಹೇಳಿದರೆ ಮನುಷ್ಯನಂಥದ್ದು, ಆದರೆ ಮನುಷ್ಯನಲ್ಲ. ನಮ್ಮ "ತಾವು" ಎಂಬ ಮರ್ಯಾದೆಯ ಮಾತಿಗೂ ಇದಕ್ಕೂ ಸಂಬಂಧ ಇಲ್ಲ, ಆದರೂ ಕಿವಿಗೆ ಹಿತವಾಗಿದೆ.

ಇವನ್ನು ಕೆತ್ತುವುದು ಹಲಸಿನ ಮರದಲ್ಲಿ. ಹಲಸು ಯಾಕೆ ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ವೀಣೆಗೂ ಮದ್ದಳೆಗೂ ನಮ್ಮವರು ಅದನ್ನೇ ಹುಡುಕುತ್ತಾರೆ. ಗಟ್ಟಿ, ಹುಳ ಬೇಗ ಹಿಡಿಯುವುದಿಲ್ಲ. ಕೊಯ್ದಾಗ ಹಳದಿ, ಕಾಲ ಹೋದಂತೆ ಕೆಂಪು ಕಂದು. ಮನುಷ್ಯರ ಮೈಬಣ್ಣಕ್ಕೆ ಹತ್ತಿರ. ತಾವು ತಾವುಗೆ ಕಣ್ಣು, ಮೂಗು ಎಲ್ಲ ಇದೆ. ಬಟ್ಟೆ ತೊಡಿಸುತ್ತಾರೆ, ತಲೆಗೆ ರುಮಾಲು ಸುತ್ತುತ್ತಾರೆ. ಒಂದು ಕೈ ಅಂಗೈ ಮೇಲಾಗಿ ಚಾಚಿರುತ್ತದೆ, ಮಕ್ಕಳು ಮೊಮ್ಮಕ್ಕಳು ಕೊಟ್ಟದ್ದನ್ನು ತೆಗೆದುಕೊಳ್ಳಲು. ಇನ್ನೊಂದು ಕೈ ಹರಸಲು. ಕೊಡುವುದು, ಪಡೆಯುವುದು, ಎರಡೂ ಒಂದೇ ಮೂರ್ತಿಯಲ್ಲಿ. ಎಡೆ ಇಡುವ ಮನೆಯವರಿಗೆ ಈ ವ್ಯವಹಾರ ಚೆನ್ನಾಗಿ ಅರ್ಥವಾಗುತ್ತದೆ.

ತೊರಾಜರಲ್ಲಿ ಮನುಷ್ಯ ಉಸಿರು ನಿಂತ ದಿನವೇ ಸಾಯುವುದಿಲ್ಲ. ದೊಡ್ಡ ಉತ್ತರಕ್ರಿಯೆಗೆ ದುಡ್ಡು ಕೂಡಿಸಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಅಲ್ಲಿಯವರೆಗೆ ದೇಹ ಮನೆಯಲ್ಲೇ ಇರುತ್ತದೆ. "ಅಜ್ಜನಿಗೆ ಹುಷಾರಿಲ್ಲ" ಎಂದೇ ಮಾತು. ಊಟ ಇಡುತ್ತಾರೆ, ಮಾತಾಡಿಸುತ್ತಾರೆ. ರಂಬು ಸೊಲೊ ಎಂಬ ಆ ಕ್ರಿಯೆ ನಡೆದು, ಕೋಣಗಳ ಬಲಿ ಆದ ಮೇಲೆಯೇ ಅಜ್ಜ ನಿಜವಾಗಿ ಹೊರಟಂತೆ. ದೇಹವನ್ನು ಬಂಡೆಯಲ್ಲಿ ಕೊರೆದ ಗವಿಯಲ್ಲಿ ಇಡುತ್ತಾರೆ. ಮೂರ್ತಿಯನ್ನು ಅದರ ಮುಂದಿನ ಜಗಲಿಯಲ್ಲಿ ನಿಲ್ಲಿಸುತ್ತಾರೆ. ಲೆಮೊ ಎಂಬ ಊರಿನಲ್ಲಿ ಕಡಿದಾದ ಬಂಡೆಯ ನಡುಮಧ್ಯೆ ಹೀಗೆ ಸಾಲು ಸಾಲು ಹಿರಿಯರು ನಿಂತು ಕೆಳಗಿನ ಗದ್ದೆಗಳನ್ನು ನೋಡುತ್ತಿರುತ್ತಾರೆ. ಅಲ್ಲೂ ಅಂತಸ್ತಿನ ಕಥೆಯೇ. ಹಲಸಿನ ತಾವು ತಾವು ಮೇಲಿನ ಮನೆತನದವರಿಗೆ ಮಾತ್ರ. ನಡುವಿನವರಿಗೆ ಬಿದಿರಿನ ಮೇಲೆ ಬಟ್ಟೆ ಸುತ್ತಿದ ತಾತ್ಕಾಲಿಕ ಗೊಂಬೆ.

ಡಚ್ಚರು 1906ರಲ್ಲಿ ಈ ಬೆಟ್ಟಗಳಿಗೆ ಬಂದರು. 1913ರಲ್ಲಿ ಮಿಷನರಿ ಬಂದ. ಅವರ ಕಣ್ಣಿಗೆ ಇದು ವಿಗ್ರಹಪೂಜೆ. ಇವತ್ತು ತೊರಾಜರಲ್ಲಿ ಹೆಚ್ಚಿನವರು ಕ್ರೈಸ್ತರು. ಆದರೂ ತಾವು ತಾವು ಮಾಯವಾಗಿಲ್ಲ, ವೇಷ ಬದಲಿಸಿದೆ. ಹಳೆಯವುಗಳಲ್ಲಿ ಮುಖ ಒಂದು ಅಚ್ಚಿನಂತೆ ಸರಳ. ಹೊಸವು ಥೇಟ್ ಆ ವ್ಯಕ್ತಿಯಂತೆ. ಕನ್ನಡಕ, ಸುಕ್ಕು, ಕೈಚೀಲ ಎಲ್ಲ ಇರುತ್ತದೆ. "ಇದು ಪೂಜೆಗಲ್ಲ, ನೆನಪಿಗೆ, ಫೋಟೊ ಇದ್ದ ಹಾಗೆ" ಎನ್ನಲು ಅನುಕೂಲ. ತಮಾಷೆ ಎಂದರೆ ಹಳೆಯ ಧರ್ಮ ಬಿಡದೆ ಉಳಿದವರನ್ನು ಇಂಡೊನೇಷ್ಯಾ ಸರ್ಕಾರ 1969ರಿಂದ ಹಿಂದೂ ಧರ್ಮದ ಒಂದು ಶಾಖೆ ಎಂದು ಲೆಕ್ಕಕ್ಕೆ ಹಿಡಿದಿದೆ. ಗುರುತಿಸಿದ ಧರ್ಮಗಳ ಪಟ್ಟಿಯಲ್ಲಿ ಎಲ್ಲಾದರೂ ಒಂದು ಕಡೆ ಸೇರಲೇಬೇಕಿತ್ತು.

ಕಳ್ಳರು ಇಲ್ಲಿಗೂ ಬಂದರು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಪ್ರವಾಸಿಗಳು ಹೆಚ್ಚಿದ ಹಾಗೆ ಜಗಲಿಗಳು ಖಾಲಿಯಾದವು. ಕೆಲವು ಕಡೆ ಬದಲಿ ಮೂರ್ತಿ ನಿಲ್ಲಿಸಿದ್ದಾರೆ. ಇನ್ನು ಕೆಲವು ಕಡೆ ಕಬ್ಬಿಣದ ಸರಳು ಹಾಕಿ ಬೀಗ ಜಡಿದಿದ್ದಾರೆ. ಹರಸಲು ಚಾಚಿದ ಕೈ ಈಗ ಸರಳಿನ ಹಿಂದೆ.

ಈಗ ಕೆನ್ಯಾಕ್ಕೆ ವಾಪಸ್ ಬರೋಣ. ವ್ಯಾಪಾರಿಗಳ ವಾದವನ್ನೂ ಕೇಳಬೇಕು, ಅದರಲ್ಲಿ ಒಂದು ತಿರುಳಿದೆ. "ಮನೆಯವರು ಬಿಟ್ಟು ಹೋದ ಜಾಗದಲ್ಲಿ ಕೊಳೆಯುತ್ತಿದ್ದವು. ಅವುಗಳಲ್ಲಿ ಶಕ್ತಿ ಉಳಿದಿರಲಿಲ್ಲ. ನಾವು ತರದಿದ್ದರೆ ಗೆದ್ದಲು ತಿನ್ನುತ್ತಿತ್ತು" ಎನ್ನುತ್ತಾರೆ.

ಶಕ್ತಿ ಹೋಗುವುದು ಎಂಬ ಮಾತು ನಮಗೂ ಹೊಸದಲ್ಲ. ನಮ್ಮ ಕರಾವಳಿಯಲ್ಲಿ ಗುಡಿ ಜೀರ್ಣೋದ್ಧಾರ ಮಾಡುವಾಗ ಕಲಾಸಂಕೋಚ ಮಾಡುತ್ತಾರೆ. ಮೂರ್ತಿಯ ಕಳೆಯನ್ನು ಕುಂಭಕ್ಕೆ ಇಳಿಸಿ, ಆಮೇಲೆ ಹೊಸ ಮೂರ್ತಿಗೆ ತುಂಬುತ್ತಾರೆ. ಅಷ್ಟಾದ ಮೇಲೆ ಹಳೆಯದು ಬರೀ ಮರ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಹಳೆಯ ಮರದ ದೈವದ ಮೂರ್ತಿಗಳು ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂ ಸೇರಿದ್ದು, 1960ರ ದಶಕದಲ್ಲಿ ಗುಡಿ ನವೀಕರಣವಾಗಿ ಅವುಗಳ ಜಾಗಕ್ಕೆ ಹೊಸವು ಬಂದ ಮೇಲೆ. ಅವು ಪೂರ್ವಜರಲ್ಲ, ದೈವಗಳು. ಆದರೆ ಇಲ್ಲಿ ನೋಡಬೇಕಾದ್ದು ಕ್ರಮ. ಇಳಿಸುವವರು ಯಾರು, ಬಿಟ್ಟುಕೊಡುವವರು ಯಾರು ಎಂಬುದು.

ಗಿರಿಯಾಮರಲ್ಲಿ ಬಿಟ್ಟು ಹೋಗುವುದು ಎಂದರೆ ಎಸೆದು ಹೋಗುವುದಲ್ಲ. ಅದು ಅಲ್ಲೇ ಕೊಳೆಯಲಿ ಎಂದೇ ಬಿಡುವುದು. ಗೆದ್ದಲು ತಿನ್ನುವುದೂ ಆ ಕಂಬದ ಬಾಳಿನ ಒಂದು ಭಾಗ. ಮ್ಯೂಸಿಯಂನವರಿಗೆ ಇದು ನುಂಗಲಾರದ ತುತ್ತು. ಉಳಿಸುವುದೇ ಅವರ ಕೆಲಸ ತಾನೇ? ಅಲ್ಲದೆ 1985ರ ಫೋಟೊದ ಕಂಬಗಳನ್ನು ಯಾರೂ ಬಿಟ್ಟು ಹೋಗಿರಲಿಲ್ಲ. ಮನೆಯವರು ಅಲ್ಲೇ ಇದ್ದರು.

ಜಾಗದ ಮಹತ್ವ ಮಿಜಿಕೆಂಡರಿಗೆ ಎಷ್ಟು ಎಂಬುದಕ್ಕೆ ಇನ್ನೊಂದು ಕಥೆ ಇದೆ. ಅವರ ಹಿಂದಿನವರು ಕಾಡಿನ ನಡುವೆ ಬೇಲಿ ಕಟ್ಟಿಕೊಂಡು ವಾಸವಿದ್ದ ಊರುಗಳಿಗೆ ಕಾಯ ಎನ್ನುತ್ತಾರೆ. ಈಗ ಅಲ್ಲಿ ಮನೆಗಳಿಲ್ಲ, ಕಾಡು ಮಾತ್ರ ಇದೆ. ಮರ ಕಡಿಯುವ ಹಾಗಿಲ್ಲ. ಕೊಡಗಿನ ದೇವರಕಾಡು ನೋಡಿದವರಿಗೆ ಅದರ ಚಿತ್ರ ಸಿಗುತ್ತದೆ. 2008ರಲ್ಲಿ ಯುನೆಸ್ಕೊ ಈ ಕಾಯ ಕಾಡುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1913ರಲ್ಲಿ ಮೆಕಟಿಲಿಲಿ ವಾ ಮೆಂಜಾ ಎಂಬ ಹೆಂಗಸು ಬ್ರಿಟಿಷರ ವಿರುದ್ಧ ಗಿರಿಯಾಮರನ್ನು ಎಬ್ಬಿಸಿದಳು. ಜನ ಪ್ರಮಾಣ ಮಾಡಿದ್ದು ಕಾಯ ಫುಂಗೊದಲ್ಲಿ. ಬ್ರಿಟಿಷರು 1914ರಲ್ಲಿ ಆ ಕಾಯಕ್ಕೇ ಡೈನಮೈಟ್ ಇಟ್ಟರು. ಈ ಜನರ ಬಲ ಎಲ್ಲಿದೆ ಎಂದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಹಾಗಾದರೆ ವಿಗಾಂಗೊ ವಾಪಸ್ ಕೊಡುವುದು ಸುಲಭ ಅಲ್ವಾ? ಅಲ್ಲ. 1990ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಮೂಲನಿವಾಸಿಗಳ ಹಿರಿಯರ ಎಲುಬು, ಪವಿತ್ರ ವಸ್ತುಗಳನ್ನು ಮ್ಯೂಸಿಯಂಗಳು ಅವರವರ ಸಮುದಾಯಕ್ಕೆ ಮರಳಿಸುವ ದಾರಿ ಅದರಿಂದ ತೆರೆಯಿತು. ಆದರೆ ಅದು ಅಮೆರಿಕದ ಮೂಲನಿವಾಸಿಗಳಿಗೆ ಮಾತ್ರ. ಕೆನ್ಯಾದ ತಾತನಿಗೆ ಅದು ಅನ್ವಯಿಸುವುದಿಲ್ಲ. ಹೀಗಾಗಿ ಕೊಡುವುದು ಬಿಡುವುದು ಮ್ಯೂಸಿಯಂನವರ ಮನಸ್ಸಿಗೆ ಬಿಟ್ಟದ್ದು.

ಕೆಲವರು ಮನಸ್ಸು ಮಾಡಿದರು. ಇಲಿನಾಯ್‌ನಲ್ಲಿದ್ದ ಆ ಸೋದರನ ಕಂಬವನ್ನು 2006ರಲ್ಲಿ ಬಿಟ್ಟುಕೊಟ್ಟರು. 2007ರಲ್ಲಿ ಅದು ಮನೆ ಸೇರಿತು. ಹುಡುಕಿಕೊಡಿ ಎಂದು ಕೇಳಿದ್ದ ಹಿರಿಯರು ಅಷ್ಟರಲ್ಲಿ ಇರಲಿಲ್ಲ. ಕಂಬವನ್ನು ಬರಮಾಡಿಕೊಂಡದ್ದು ಅವರ ಮನೆಯವರು. ಡೆನ್ವರ್‌ನ ಮ್ಯೂಸಿಯಂ ತನ್ನ 30 ವಿಗಾಂಗೊ ಕೊಡುತ್ತೇನೆ ಎಂದು 2014ರಲ್ಲಿ ತೀರ್ಮಾನಿಸಿತು. ಅವು ಕೆನ್ಯಾ ತಲುಪಲು 2019 ಆಯಿತು. ಸಾಗಣೆಯ ಖರ್ಚು ಯಾರದು, ಸುಂಕ ಯಾರು ಕಟ್ಟಬೇಕು, ಯಾರ ಕೈಗೆ ಒಪ್ಪಿಸಬೇಕು, ಇಂಥ ಪ್ರಶ್ನೆಗಳಲ್ಲೇ ವರ್ಷಗಳು ಕಳೆಯುತ್ತವೆ. ಕಲಾವಸ್ತು ಎಂದು ಬರೆದರೆ ಸುಂಕ ಬೀಳುತ್ತದೆ. ತಾತ ಎಂದು ಬರೆಯಲು ಕಸ್ಟಮ್ಸ್ ಫಾರಂನಲ್ಲಿ ಜಾಗ ಇಲ್ಲ. 2023ರಲ್ಲಿ ಇಲಿನಾಯ್‌ನಿಂದ ಇನ್ನೂ 37 ಹೊರಟವು.

ಹೊರಟವು ಸರಿ, ಎಲ್ಲಿಗೆ? ಹೆಚ್ಚಿನವು ಹೋಗುವುದು ಕೆನ್ಯಾದ ರಾಷ್ಟ್ರೀಯ ಮ್ಯೂಸಿಯಂನ ವಶಕ್ಕೆ. ಒಂದು ಗೋದಾಮಿನಿಂದ ಇನ್ನೊಂದು ಗೋದಾಮಿಗೆ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಬೇರೆ ದಾರಿಯೂ ಅಷ್ಟು ಸುಲಭವಿಲ್ಲ. ಕಂಬದ ಮೇಲೆ ಹೆಸರು ಬರೆದಿರುವುದಿಲ್ಲ. ಇದು ನಮ್ಮ ತಾತ, ಅದು ಅವನ ತಮ್ಮ ಎಂದು ಹೇಳುತ್ತಿದ್ದುದು ಕಂಬ ನಿಂತ ಜಾಗ, ಆ ಜಾಗ ಗೊತ್ತಿದ್ದ ಮನೆಯವರು. ಕಂಬ ಕಿತ್ತ ರಾತ್ರಿಯೇ ಹೆಸರೂ ಹೋಯಿತು. ಯಾರದೋ ತಾತನನ್ನು ತಂದು ನಮ್ಮ ಅಂಗಳದಲ್ಲಿ ನೆಟ್ಟುಕೊಳ್ಳಲು ಯಾವ ಮನೆಯವರಿಗೆ ಧೈರ್ಯ ಬರುತ್ತದೆ? ಅವನು ಯಾರ ಕನಸಿಗೆ ಹೋಗಬೇಕು?

ಮ್ಯೂಸಿಯಂನ ದಾಖಲೆಗಳು ಅಚ್ಚುಕಟ್ಟಾಗಿವೆ. ಕಂಬಕ್ಕೆ ಒಂದು ನಂಬರ್, ಎತ್ತರ ಎಷ್ಟು, ಅಂದಾಜು ಬೆಲೆ ಎಷ್ಟು, ದಾನ ಬಂದ ವರ್ಷ ಯಾವುದು, ದಾನ ಕೊಟ್ಟವರ ಹೆಸರೇನು, ಎಲ್ಲ ಇದೆ. ತಾತನ ಹೆಸರು ಬರೆಯಬೇಕಾದಲ್ಲಿ "ಗಿರಿಯಾಮ, ಕೆನ್ಯಾ" ಎಂದಿರುತ್ತದೆ.